ಕೇಳದೆ ಬಂದ ನೆರವು

ಜಯವು ನಿಯಮಬದ್ಧವೆಂದು ತೀರ್ಪಾದ ಮಾತ್ರಕ್ಕೆ ಅದು ನಿಷ್ಕಳಂಕವಾಗುವುದೆ? 1992ರ ಬಾರ್ಸಿಲೋನಾ ಒಲಿಂಪಿಕ್ ಕ್ರೀಡಾಕೂಟದ ಪುರುಷರ 10,000 ಮೀಟರ್ ಓಟವು ಈ ಪ್ರಶ್ನೆಯನ್ನು ಲೋಕದ ಮುಂದಿರಿಸಿತು.

ಆಗಸ್ಟ್ 3ರಂದು ನಡೆದ ಈ 25 ಸುತ್ತುಗಳ ಓಟದಲ್ಲಿ, ಕೊನೆಯ ಹಂತಕ್ಕೆ ಬರುವಾಗ ಉಳಿದವರನ್ನೆಲ್ಲ ಹಿಂದೆ ಬಿಟ್ಟು ಇಬ್ಬರೇ ಮುಂದಿದ್ದರು: ಕೆನ್ಯಾದ ರಿಚರ್ಡ್ ಚೆಲಿಮೊ ಮತ್ತು ಮೊರಾಕ್ಕೊದ ಖಾಲಿದ್ ಸ್ಕಾಹ್. ಆಗ ಇವರಿಗಿಂತ ಪೂರ್ತಿ ಒಂದು ಸುತ್ತು ಹಿಂದುಳಿದಿದ್ದ ಮೊರಾಕ್ಕೊದ ಮತ್ತೊಬ್ಬ ಓಟಗಾರ ಹಮ್ಮು ಬೂತಾಯೆಬ್ ಎದುರಾದರು. ಹಾಗೆ ಹಿಂದೆ ಬಿದ್ದವರು ಮುಂದಿನವರಿಗೆ ದಾರಿ ಬಿಡುವುದು ಓಟದ ಮರ್ಯಾದೆ. ಬೂತಾಯೆಬ್ ದಾರಿ ಬಿಡದೆ ಚೆಲಿಮೊ ಅವರ ಮುಂದೆ ಬಂದು ಓಡತೊಡಗಿದರು. ಅಧಿಕಾರಿಯೊಬ್ಬರು ಓಟದ ಪಥಕ್ಕೇ ಇಳಿದು ಅವರನ್ನು ತಡೆಯಲು ಕೈಚಾಚಿದರು. ಕೊನೆಯ ಸುತ್ತಿನಲ್ಲಿ ವೇಗ ಹೆಚ್ಚಿಸಿದ ಸ್ಕಾಹ್ 27 ನಿಮಿಷ 46.70 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಚೆಲಿಮೊ ಹಿಂದುಳಿದದ್ದು ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು.

ಮೊದಲು ಸ್ಕಾಹ್ ಅವರನ್ನು ಅನರ್ಹಗೊಳಿಸಿ ಚೆಲಿಮೊ ವಿಜೇತರೆಂದು ಸಾರಲಾಯಿತು. ಮೊರಾಕ್ಕೊ ಮೇಲ್ಮನವಿ ಸಲ್ಲಿಸಿತು. ಮರುದಿನ ತೀರ್ಪು ತಿರುಗಿ ಚಿನ್ನದ ಪದಕ ಸ್ಕಾಹ್ ಅವರ ಪಾಲಾಯಿತು. ಪದಕ ಪ್ರದಾನದ ವೇಳೆ ಪ್ರೇಕ್ಷಕರು ವಿಜೇತರನ್ನೇ ಮೂದಲಿಸಿದರು. ಚೆಲಿಮೊ 2001ರಲ್ಲಿ, ಕೇವಲ 29ರ ವಯಸ್ಸಿನಲ್ಲಿ ತೀರಿಕೊಂಡರು. ಒಲಿಂಪಿಕ್ ಚಿನ್ನ ಅವರಿಗೆ ದೊರೆಯಲೇ ಇಲ್ಲ.

ಒಬ್ಬರ ತಪ್ಪಿಗೆ ಇನ್ನೊಬ್ಬರನ್ನು ದಂಡಿಸಲಾಗದು. ಆ ದೃಷ್ಟಿಯಿಂದ ಎರಡನೆಯ ತೀರ್ಪು ಅನ್ಯಾಯವಲ್ಲ. ಸ್ಕಾಹ್ ದುರ್ಬಲರೂ ಆಗಿರಲಿಲ್ಲ. 1990 ಮತ್ತು 1991ರಲ್ಲಿ ವಿಶ್ವ ಕ್ರಾಸ್ ಕಂಟ್ರಿ ಓಟವನ್ನು ಗೆದ್ದಿದ್ದ ಅವರಿಗೆ ಯಾರ ಆಸರೆಯೂ ಬೇಕಿರಲಿಲ್ಲ. ಬೂತಾಯೆಬ್ ಸುಮ್ಮನೆ ಪಕ್ಕಕ್ಕೆ ಸರಿದಿದ್ದರೆ, ತಮ್ಮ ದೇಶಬಾಂಧವನಿಗೆ ಪ್ರಶ್ನಾತೀತವಾದ ಜಯದ ಅವಕಾಶವನ್ನಾದರೂ ಉಳಿಸುತ್ತಿದ್ದರು. ತಮ್ಮವನೆಂಬ ಅಭಿಮಾನದಿಂದ ಮಾಡಿದ್ದೇ ಆದರೆ, ಆ ಉಪಕಾರವೇ ಅಪಕಾರವಾಯಿತು.

ಇಂಥ ಹಿತೈಷಿಗಳು ಪೇಟೆಯಲ್ಲಿಯೂ ಉಂಟು, ಸಂಘಸಂಸ್ಥೆಗಳಲ್ಲಿಯೂ ಉಂಟು. ಪ್ರತಿಸ್ಪರ್ಧಿಗೆ ಬರಬೇಕಾದ ಸರಕನ್ನು ತಡೆಯುವ ಮಿತ್ರ, ಎದುರು ಪಕ್ಷದವರಿಗೆ ಸಭೆಯ ಸೂಚನೆ ತಲುಪದಂತೆ ನೋಡಿಕೊಳ್ಳುವ ಬೆಂಬಲಿಗ, ಇವರೆಲ್ಲರೂ ಕೇಳದೆಯೇ ನೆರವಾಗುವವರು. ಲಾಭ ಪಡೆದವನು, “ನಾನು ಮಾಡಲಿಲ್ಲ, ಮಾಡಿಸಲೂ ಇಲ್ಲ” ಎನ್ನುತ್ತಾನೆ. ಆದರೆ ಮಾಡಿದ್ದನ್ನು ಒಪ್ಪಿಕೊಂಡು ಅದರ ಫಲವನ್ನು ಉಣ್ಣುವುದೂ ಅದರಲ್ಲಿ ಪಾಲುಗೊಂಡಂತೆಯೇ.

ಓಡುವವನಿಗೆ ಯೋಚಿಸಲು ವ್ಯವಧಾನವಿರುವುದಿಲ್ಲ. ವ್ಯಾಪಾರಿಗೂ ಆಡಳಿತ ಮಂಡಳಿಯ ಸದಸ್ಯನಿಗೂ ಅದು ಬೇಕಾದಷ್ಟಿದೆ. ತನ್ನವನು ಅಡ್ಡ ನಿಂತದ್ದು ಕಂಡ ಕೂಡಲೇ, “ಈ ನೆರವು ಬೇಡ, ಅವರಿಗೆ ದಾರಿ ಬಿಡು” ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು ಅಂಥವರ ಕರ್ತವ್ಯ.