ಪೋಸ್ಟ್‌ಕಾರ್ಡಿನ ಮೇಲೊಂದು ಗಿರಿನಗರ

ಗಿರಿನಗರಕ್ಕೆ ರೈಲಿಲ್ಲ. ರಾತ್ರಿ ಊರಿನ ಗದ್ದಲ ಇಳಿದ ಮೇಲೆ, ಗಾಳಿ ನಮ್ಮ ಕಡೆ ಬೀಸುತ್ತಿದ್ದರೆ, ನಾಯಂಡಹಳ್ಳಿಯ ದಿಕ್ಕಿನಿಂದ ಮೈಸೂರು ಗಾಡಿಯ ಕೂಗು ತೆಳ್ಳಗೆ ಕೇಳಿಸುತ್ತದೆ, ಅಷ್ಟೆ. ಆದರೆ ನಮ್ಮ ಮನೆಯ ಮಹಡಿಯ ಮೇಲಿದ್ದ ಒಂದೇ ಒಂದು ಕೋಣೆಯಲ್ಲಿ ಹದಿನಾಲ್ಕು ವರ್ಷ ರೈಲು ಓಡಿತು. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ, ಅದರ ಮೇಲೆ ಮೊಟ್ಟೆಯಾಕಾರದ ಹಳಿ, ಒಂದು ಎಂಜಿನ್, ನಾಲ್ಕು ಬೋಗಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವ, ಐವತ್ತು ದಾಟಿದ ಮೇಷ್ಟರಿಗೆ ಇದೇನು ಹುಚ್ಚು ಎಂದು ನಮ್ಮ ಬೀದಿಯಲ್ಲಿ ಕೇಳದವರಿಲ್ಲ.

ಎಂಜಿನ್ನು, ಹಳಿ ಎಲ್ಲ ಜರ್ಮನಿಯಲ್ಲಿ ಕೆಲಸದಲ್ಲಿರುವ ಸೋದರಳಿಯ ತಂದುಕೊಟ್ಟದ್ದು. ಜೊತೆಗೆ ಅಲ್ಲಿಯವೇ ನಾಲ್ಕು ಮನೆಗಳ ಕಿಟ್ಟು. ಪ್ಲಾಸ್ಟಿಕ್ಕಿನ ಗೋಡೆ, ಕಿಟಕಿ, ಮಾಡು ಎಲ್ಲ ತಯಾರಾಗಿ ಬಂದಿರುತ್ತವೆ. ಅಂಟಿಸಿದರೆ ಮನೆ ಸಿದ್ಧ. ಹಿಮ ಜಾರಿ ಬೀಳಲೆಂದು ಕಡಿದಾದ ಮಾಡು, ಹೊಗೆಗೂಡು, ಕಿಟಕಿಯ ಕೆಳಗೆ ಹೂವಿನ ತೊಟ್ಟಿ. ನೋಡಲು ಬಂದ ಎಂಟನೇ ತರಗತಿಯ ಹುಡುಗನೊಬ್ಬ ಬಹಳ ಹೊತ್ತು ಬಗ್ಗಿ ನೋಡಿ, “ಸಾರ್, ಈ ಊರಲ್ಲಿ ಬಟ್ಟೆ ಎಲ್ಲಿ ಒಣಗಿಸ್ತಾರೆ?” ಎಂದು ಕೇಳಿದ.

ಹೌದಲ್ಲ! ತಾರಸಿಯೇ ಇಲ್ಲದ ಊರು. ಹಪ್ಪಳ ಹಾಕಲು ಜಾಗವಿಲ್ಲ, ಗಾಳಿಪಟ ಬಿಡಲು ಜಾಗವಿಲ್ಲ. ಆ ಮನೆಗಳನ್ನು ಅಂದೇ ಕಿತ್ತೆ. ನಮ್ಮ ಊರಿನ ಕಟ್ಟಡಗಳ ಕಿಟ್ಟು ನನಗೆಲ್ಲೂ ಸಿಗಲಿಲ್ಲವಾದ್ದರಿಂದ ರಟ್ಟು, ಬ್ಲೇಡು, ಉಕ್ಕಿನ ಅಳತೆಪಟ್ಟಿ, ಫೆವಿಕಾಲ್ ಇಟ್ಟುಕೊಂಡು ಮೊದಲಿನಿಂದ ಕಟ್ಟುವುದೊಂದೇ ದಾರಿ.

ಮೊದಲು ಲೆಕ್ಕ. ನನ್ನ ರೈಲಿನ ಪ್ರಮಾಣ 87ಕ್ಕೆ 1. ಅಂದರೆ ನಿಜವಾದ ವಸ್ತುವಿನ 87 ಮಿಲಿಮೀಟರ್ ಇಲ್ಲಿ ಒಂದು ಮಿಲಿಮೀಟರ್. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿದರೆ 1435 ಮಿ.ಮೀ. ಬರುತ್ತದೆ. ಅದು ಯೂರೋಪಿನ ಗೇಜು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದಕ್ಕೆ ಈ ಪ್ರಮಾಣದಲ್ಲಿ 19 ಮಿಲಿಮೀಟರಿಗಿಂತ ತುಸು ಹೆಚ್ಚು ಬೇಕು. ಹಾಗಾಗಿ ನನ್ನ ಹಳಿಯ ಮೇಲೆ ಮೈಸೂರು ಎಕ್ಸ್‌ಪ್ರೆಸ್ ಓಡಿಸುವುದು ಶಾಸ್ತ್ರೋಕ್ತವಾಗಿ ತಪ್ಪು. ತಮಾಷೆಯೆಂದರೆ, ನಮ್ಮ ಮೆಟ್ರೋ ಓಡುವುದು ಅದೇ 1435ರ ಗೇಜಿನಲ್ಲಿ. 2017ರಿಂದ ಬನಶಂಕರಿಯ ಮೇಲೆ ಹಾದುಹೋಗುತ್ತಿರುವ ಹಸಿರು ಮಾರ್ಗದ ಗಾಡಿಯನ್ನು 87 ಪಟ್ಟು ಕುಗ್ಗಿಸಿದರೆ ನನ್ನ ಹಳಿಯ ಮೇಲೆ ಸರಿಯಾಗಿ ಕೂರುತ್ತದೆ.

ಬೆಂಗಳೂರಿನಲ್ಲಿ ಜನ ಊರನ್ನು ಅಳೆಯುವುದು ಸೈಟಿನ ಲೆಕ್ಕದಲ್ಲಿ. ಮೂವತ್ತು–ನಲವತ್ತರ ಸೈಟು ಈ ಪ್ರಮಾಣದಲ್ಲಿ ಎಷ್ಟಾಗುತ್ತದೆ ಗೊತ್ತೇ? ಹತ್ತೂವರೆ ಸೆಂಟಿಮೀಟರಿಗೆ ಹದಿನಾಲ್ಕು ಸೆಂಟಿಮೀಟರ್. ನಮ್ಮ ಅಂಚೆ ಇಲಾಖೆಯ ಪೋಸ್ಟ್‌ಕಾರ್ಡಿನ ಉದ್ದವೂ ಹದಿನಾಲ್ಕೇ. ಅಗಲ ಮಾತ್ರ ಒಂದೂವರೆ ಸೆಂಟಿಮೀಟರ್ ಕಡಿಮೆ. ಬದುಕಿಡೀ ಸಾಲ ತೀರಿಸಿದ ಆಸ್ತಿ ಒಂದು ಕಾರ್ಡಿನ ಮೇಲೆ ಮುಗಿದುಹೋಗುತ್ತದೆ. ಹಾಗೆಂದು ಇಡೀ ಊರು ಹಲಗೆಯ ಮೇಲೆ ಹಿಡಿಯುವುದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 139 ಕಿಲೋಮೀಟರ್, ಕುಗ್ಗಿಸಿದರೂ 1.6 ಕಿ.ಮೀ. ಇಪ್ಪತ್ತು ಬೋಗಿಯ ಗಾಡಿಯೊಂದೇ ಐದು ಮೀಟರ್ ಉದ್ದವಾಗುತ್ತದೆ, ನನ್ನ ಹಲಗೆಯ ಎರಡರಷ್ಟು. ಆದ್ದರಿಂದ ಒಂದು ಬೀದಿ ಸಾಕು ಎಂದುಕೊಂಡೆ. ಹಳಿಯ ಆಚೆಗೆ ಬಸವನಗುಡಿಯಂಥ ಒಂದು ಹಳೆಯ ಬೀದಿ, ಈಚೆಗೆ ಗಿರಿನಗರದಂಥ ಒಂದು ಹೊಸ ಬೀದಿ.

ಹೊಸ ಬೀದಿ ಎಂದರೆ ಎಪ್ಪತ್ತು–ಎಂಬತ್ತರ ದಶಕದ್ದು. ಆಗ ಹೊಸದಾಗಿತ್ತು.

ಬಸವನಗುಡಿಗೆ ನಾವು ನಡೆದೇ ಹೋಗುತ್ತಿದ್ದೆವು. ನಾನು ಮತ್ತು ಬೇಸಿಗೆ ರಜದಲ್ಲಿ ಬೇರೆ ಕೆಲಸವಿಲ್ಲದ ನಾಲ್ಕೈದು ಹುಡುಗ ಹುಡುಗಿಯರು. ಹನುಮಂತನಗರ ದಾಟಿ, ರಾಮಾಂಜನೇಯ ಗುಡ್ಡದ ಪಕ್ಕದಲ್ಲಿ ಹಾದು, ಬುಲ್ ಟೆಂಪಲ್ ರಸ್ತೆ ಹಿಡಿದರೆ ಗಾಂಧಿಬಜಾರ್. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ ಅದು. ಮಂಗಳೂರು ಹೆಂಚಿನ ಮಾಡು, ಮುಂದೆ ಜಗಲಿ, ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ. ಅದಕ್ಕೆ ಬೆಂಗಳೂರಿನವರು ಮಂಕಿ ಟಾಪ್ ಎನ್ನುತ್ತಾರೆ. ಅಂಥ ಮನೆ ಈಗ ಒಂದು ಅಡ್ಡರಸ್ತೆಯಲ್ಲಿ ಒಂದು ಸಿಕ್ಕಿದರೆ ಪುಣ್ಯ.

ಅಪರಿಚಿತರ ಮನೆಯ ಮುಂದೆ ಟೇಪು ಹಿಡಿದು ನಿಂತರೆ ಯಾರಿಗಾದರೂ ಭಯವಾಗುತ್ತದೆ. ಪಾಲಿಕೆಯವರೇ, ರಸ್ತೆ ಅಗಲ ಮಾಡುವವರೇ ಎಂದು ಒಬ್ಬ ಅಜ್ಜಿ ಗೇಟಿಗೆ ಅಡ್ಡ ನಿಂತರು. ರೈಲಿನ ಬೊಂಬೆಮನೆಗೆ ಎಂದು ಹುಡುಗಿಯೊಬ್ಬಳು ವಿವರಿಸಿದ ಮೇಲೆ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಅಂದಿನಿಂದ ಕೇಳಿಯೇ ಅಳೆಯುವುದು, ಬೇಡವೆಂದರೆ ಬಿಡುವುದು ಎಂದು ನಿಯಮ ಮಾಡಿದೆ.

ಉದ್ದ ಅಗಲಕ್ಕೆ ಟೇಪು ಸಾಕು. ಎತ್ತರಕ್ಕೆ ಹತ್ತನೇ ತರಗತಿಯ ಸಮರೂಪ ತ್ರಿಭುಜ. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ನೆರಳು 80 ಸೆಂಟಿಮೀಟರ್ ಇದ್ದು, ಅದೇ ಹೊತ್ತಿಗೆ ಕಟ್ಟಡದ ನೆರಳು 5.6 ಮೀಟರ್ ಇದ್ದರೆ ಕಟ್ಟಡದ ಎತ್ತರ 7 ಮೀಟರ್. ಪುಸ್ತಕದಲ್ಲಿ ಇದನ್ನು ಬಾಯಿಪಾಠ ಮಾಡಿ ಅಂಕ ತೆಗೆದ ಮಕ್ಕಳು ಬೀದಿಯಲ್ಲಿ ಕೋಲು ಓರೆಯಾಗಿ ಹಿಡಿದು ಏಳು ಮೀಟರಿನ ಮನೆಯನ್ನು ಒಂಬತ್ತು ಮಾಡಿದರು. ನಗುವಂತಿಲ್ಲ, ಅವರಿಗಿಂತ ದೊಡ್ಡ ತಪ್ಪು ನನ್ನದೇ. ಒಂದು ವರ್ಷ ಏಪ್ರಿಲ್ 24ರಂದು ಎಲ್ಲರನ್ನೂ ಕರೆದುಕೊಂಡು ಹೊರಟೆ. ಗಾಂಧಿಬಜಾರ್ ತಲುಪಿದಾಗ ಹನ್ನೆರಡೂಕಾಲು. ಕೋಲು ನಿಲ್ಲಿಸಿದರೆ ನೆರಳೇ ಇಲ್ಲ! ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷದಲ್ಲಿ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲಲ್ಲಿ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ಇದನ್ನು ಪ್ರತಿವರ್ಷ ಪಾಠ ಹೇಳುವವನು ನಾನು. ಮಕ್ಕಳು ರಸ್ತೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದು ಅಳತೆ ಬಿಟ್ಟು ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ಬಂದೆವು.

ಹೆಂಚಿನ ಮಾಡು ಮಾಡುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚು ಹಡಗು ಹತ್ತಿ ದೇಶವಿದೇಶಕ್ಕೆ ಹೋಯಿತು. ನನ್ನ ಮೇಜಿನ ಮೇಲೆ ಅದು ಬಲ್ಬಿನ ಡಬ್ಬಿಯೊಳಗೆ ಬರುವ ಸಣ್ಣ ಏಣಿನ ಸುಕ್ಕು ರಟ್ಟು. ಮೇಲಿನ ಕಾಗದಕ್ಕೆ ಒದ್ದೆ ಬಟ್ಟೆ ಒತ್ತಿ ಸುಲಿದರೆ ಒಳಗಿನ ಏಣುಗಳು ಹೆಂಚಿನ ಸಾಲಿನಂತೆ ಕಾಣುತ್ತವೆ. ನಾಲ್ಕು ಮಿಲಿಮೀಟರಿಗೊಂದು ಅಡ್ಡಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಒತ್ತಬೇಕು. ಕೆಂಪು ಬಳಿದರೆ ಸಾಲದು, ಆಟಿಕೆಯಂತೆ ಹೊಳೆಯುತ್ತದೆ. ಅದರ ಮೇಲೆ ತೆಳುವಾದ ಕಾಫಿ ಡಿಕಾಕ್ಷನ್ ಹರಿಸಿದರೆ ಐವತ್ತು ಮಳೆಗಾಲ ಕಂಡ ಹೆಂಚಾಗುತ್ತದೆ. (ಚಿಕೋರಿ ಬೆರೆತದ್ದೇ ಒಳ್ಳೆಯದು. ನನ್ನಾಕೆಗೆ ಇದು ಒಪ್ಪಿಗೆಯಿಲ್ಲ.) ಕಂಬಿಗೆ ತೆಂಗಿನ ಕಡ್ಡಿ, ಕಿಟಕಿಯ ಗಾಜಿಗೆ ಪಾರದರ್ಶಕ ಹಾಳೆ. ಅಂಗಡಿಯ ಮುಂದೆ ಸುಲಿದ ತೆಂಗಿನಕಾಯಿಯ ರಾಶಿ ಬೇಕಿತ್ತು. ಒಂದೂವರೆ ಮಿಲಿಮೀಟರಿನ ರಾಗಿಕಾಳು 87 ಪಟ್ಟು ದೊಡ್ಡದಾದರೆ ಹದಿಮೂರು ಸೆಂಟಿಮೀಟರ್, ಬಣ್ಣವೂ ಅದೇ! ಅಂಟಿಸಿ ಬೀಗಿದೆ. ಬೆಳಿಗ್ಗೆ ನೋಡಿದರೆ ಇರುವೆಗಳು ಅಂಗಡಿಯನ್ನೇ ಲೂಟಿ ಮಾಡಿದ್ದವು.

ಎಲ್ಲವೂ ಹೀಗೆ ಕುಗ್ಗುವುದಿಲ್ಲ ಎಂಬುದನ್ನೂ ಮಕ್ಕಳು ಇಲ್ಲಿಯೇ ಕಲಿತರು. ಉದ್ದ 87 ಪಟ್ಟು ಕುಗ್ಗಿದರೆ ಗಾತ್ರ 87ರ ಘನದಷ್ಟು, ಅಂದರೆ ಆರೂವರೆ ಲಕ್ಷಕ್ಕೂ ಹೆಚ್ಚು ಪಟ್ಟು ಕುಗ್ಗುತ್ತದೆ. ತಾರಸಿಯ ಮೇಲಿನ ಸಾವಿರ ಲೀಟರಿನ ತೊಟ್ಟಿಯಲ್ಲಿ ಹಿಡಿಯುವುದು ಮೂವತ್ತು ಹನಿ ನೀರು. ಆದರೆ ಹನಿ ಮಾತ್ರ ಕುಗ್ಗದು. ಆ ಊರಿನವರಿಗೆ ಅದು ಎರಡು ಬಕೆಟ್ಟಿನಷ್ಟು. ಸಂಪಿನಲ್ಲಿ ನಿಜವಾದ ನೀರು ತುಂಬಿಸಲು ಹೊರಟ ಹುಡುಗ ಮೇಲ್ಮೈ ಸೆಳೆತ ಎಂದರೇನೆಂದು ಮತ್ತೆ ನನ್ನನ್ನು ಕೇಳಲಿಲ್ಲ.

ಅವನ ತಂದೆ ಒಂದು ಸಂಜೆ ಬಂದರು. “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಇದು ಪರೀಕ್ಷೆಗೆ ಬರುತ್ತಾ?” ಬರುವುದಿಲ್ಲ ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ? ಅವರು ಕುರ್ಚಿ ಎಳೆದುಕೊಂಡು ಕೂತು, ಮಗ ಮಾಡಿದ ಗೇಟನ್ನು ಭೂತಗನ್ನಡಿಯಲ್ಲಿ ನೋಡಿ, “ನಮ್ಮನೆ ಗೇಟಿಗೆ ಹನ್ನೊಂದು ಸರಳಿದೆಯಾ? ನಂಗೆ ಗೊತ್ತೇ ಇರಲಿಲ್ಲ” ಎಂದರು. ಖರ್ಚಿನ ಬಗ್ಗೆ ಹೆತ್ತವರಿಗೆ ಒಂದು ಮಾತು: ರೈಲು ದುಬಾರಿ, ನಿಜ. ಕಟ್ಟಡಕ್ಕೆ ಮಾತ್ರ ಬೇಕಾದದ್ದು ರದ್ದಿ ರಟ್ಟು. ರೈಲಿಲ್ಲದೆಯೂ ಬೀದಿ ಕಟ್ಟಬಹುದು. ಇಂಥ ಪುಟ್ಟ ರೈಲಿನೂರನ್ನು ಮಕ್ಕಳಿಗೆ ತೋರಿಸಬೇಕೆಂದರೆ ಪುಣೆಯ ಕೋಥ್ರುಡ್‌ನಲ್ಲಿ ಜೋಶಿಯವರ ಪುಟಾಣಿ ರೈಲುಗಳ ವಸ್ತುಸಂಗ್ರಹಾಲಯವಿದೆ, 1998ರಲ್ಲಿ ಶುರುವಾದದ್ದು.

ಇಂಗ್ಲೆಂಡಿನಲ್ಲಿ ಪೆಂಡನ್ ಎಂಬ ಇನ್ನೊಂದು ಸಂಗ್ರಹಾಲಯವಿದೆ. ಅದರ ಕಥೆಯನ್ನು ನಾನು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ. ರಾಯ್ ಇಂಗ್ಲೆಂಡ್ ಎಂಬ ತರುಣ 1925ರಲ್ಲಿ ಆಸ್ಟ್ರೇಲಿಯಾದಿಂದ ಅಲ್ಲಿಗೆ ಬಂದ. ಕಣ್ಣೆದುರೇ ಹುಲ್ಲು ಹೊದಿಸಿದ ಹಳ್ಳಿಮನೆಗಳು ಹೋಗಿ ಬೇರೆ ತರಹದವು ಬರುತ್ತಿದ್ದವು. ತಡೆಯುವ ಶಕ್ತಿ ಅವನಿಗಿರಲಿಲ್ಲ. ಆ ಮನೆಗಳನ್ನು ನೋಡಿ, ಅಳೆದು, 76ಕ್ಕೆ 1ರ ಪ್ರಮಾಣದಲ್ಲಿ ರಟ್ಟಿನಲ್ಲಿ ಕಟ್ಟತೊಡಗಿದ. ಅವನು, ಅವನ ಜೊತೆಗಾರರು ಕಟ್ಟಿದ ಇಪ್ಪತ್ತು–ಮೂವತ್ತರ ದಶಕದ ಕಣಿವೆ, ರೈಲಿನ ಸಮೇತ, ಇಂದಿಗೂ ಅಲ್ಲಿದೆ.

ನಾವು ಅಷ್ಟು ಜಾಣರಲ್ಲ. ಲಾಲ್‌ಬಾಗಿನಲ್ಲಿ ಕೃಂಬಿಗಲ್ ಹಾಲ್ ಇತ್ತು. 1860ರ ಸುಮಾರಿನ ಕಟ್ಟಡ, ಮುಂದೆ ಗ್ರೀಕ್ ಮಾದರಿಯ ಕಂಬಗಳು. 1908ರಿಂದ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕೃಂಬಿಗಲ್ಲರ ಹೆಸರಿನದು. ಕಂಬಗಳನ್ನು ರಟ್ಟಿನಲ್ಲಿ ಮಾಡುವುದು ಕಷ್ಟವೆಂದು ಮುಂದಿನ ರಜಕ್ಕೆ, ಅದರ ಮುಂದಿನ ರಜಕ್ಕೆ ಎಂದು ಅಳತೆಯನ್ನು ಮುಂದೂಡುತ್ತಲೇ ಇದ್ದೆ. 2017ರ ನವೆಂಬರಿನಲ್ಲಿ ಕಟ್ಟಡವನ್ನು ಕೆಡವಿದರು. ಶಿಥಿಲವಾಗಿತ್ತು, ಅದೂ ನಿಜವೇ. ನನ್ನ ಬಳಿ ಇದ್ದದ್ದು ಅದರ ಮುಂದೆ ಮಗಳು ಐಸ್‌ಕ್ರೀಮ್ ತಿನ್ನುತ್ತಿರುವ ಒಂದು ಫೋಟೋ. ಅವಳ ತಲೆ ಒಂದು ಕಂಬವನ್ನು ಪೂರ್ತಿ ಮರೆಮಾಡಿದೆ.

ಆ ಪಾಠ ನೆನಪಿದ್ದುದರಿಂದಲೇ ಕಳೆದ ವರ್ಷ ನಮ್ಮ ಮನೆಯ ಸರದಿ ಬಂದಾಗ ಮೊದಲು ಟೇಪು ಹುಡುಕಿದೆ. 1979ರಲ್ಲಿ ಅಪ್ಪ ಕಟ್ಟಿಸಿದ ಮನೆ. ತಾರಸಿ ಸೋರುತ್ತಿತ್ತು, ಅಮ್ಮನಿಗೆ ಎಂಬತ್ತೆರಡು. ಮೆಟ್ಟಿಲು ಹತ್ತಲಾರರು, ತಮ್ಮನಿಗೂ ಒಂದು ನೆಲೆ ಬೇಕು. ಕೆಡವಿ, ಲಿಫ್ಟು ಇರುವ ನಾಲ್ಕಂತಸ್ತು ಕಟ್ಟುವುದೆಂದು ಎಲ್ಲರೂ ಕೂತು ಒಪ್ಪಿದೆವು. ಅಪ್ಪನೇ ಇದ್ದಿದ್ದರೂ ಒಪ್ಪುತ್ತಿದ್ದರು. ನಾನು ಮಾತ್ರ ಒಂದು ತಿಂಗಳ ವಾಯಿದೆ ಕೇಳಿದೆ.

ಹಳೆಯ ಶಿಷ್ಯೆಯೊಬ್ಬಳು, ಈಗ ವಾಸ್ತುಶಿಲ್ಪದ ವಿದ್ಯಾರ್ಥಿನಿ, ಬಂದು ಜೊತೆಗೆ ಅಳೆದಳು. ಒಂಬತ್ತಿಂಚಿನ ಗೋಡೆ 2.6 ಮಿಲಿಮೀಟರ್, ಏಳಡಿ ಬಾಗಿಲು 24.5. ಕ್ರಿಕೆಟ್ ಆಡುತ್ತಿದ್ದ ನಮ್ಮ ದೊಡ್ಡ ಹಾಲು ಬರೇ ಹದಿನಾಲ್ಕು–ಹನ್ನೆರಡಡಿ! ಎರಡನೆಯ ದಿನ ಅವಳು ಟೇಪನ್ನು ಮೂರು ಸಲ ಹಿಡಿದು, “ಸಾರ್, ಹಾಲಿನ ಗೋಡೆಗಳು ಸಮಾಂತರವಾಗಿಲ್ಲ. ಈ ತುದಿಗೆ ಮೂರಿಂಚು ಜಾಸ್ತಿ” ಎಂದಳು. ನನಗೆ ಆಶ್ಚರ್ಯವಾಗಲಿಲ್ಲ. ಆ ಓರೆಗಾಗಿ ಅಪ್ಪ ಮೇಸ್ತ್ರಿಯನ್ನು ಬದುಕಿಡೀ ಬೈದದ್ದು ಮನೆಯಲ್ಲೆಲ್ಲರಿಗೂ ಗೊತ್ತು.

ಅಮ್ಮ ಒಳಗಿನಿಂದಲೇ ಹೇಳಿದರು: “ಪಾಪ, ಮೇಸ್ತ್ರಿದೇನೂ ತಪ್ಪಿಲ್ಲ ಕಣೋ. ಪಾಯ ಹಾಕೋ ದಿನ ಆ ಕಡೆ ದಾರ ಹಿಡಿದಿದ್ದೋರು ನಿಮ್ಮಪ್ಪ. ನೀನು ಆಟ ಆಡ್ತಾ ಗುಂಡಿಗೆ ಬೀಳೋ ಹಾಗಾದೆ, ದಾರ ಬಿಟ್ಟು ನಿನ್ನ ಹಿಡ್ಕೊಂಡ್ರು. ಆಮೇಲೆ ಅಂದಾಜಲ್ಲಿ ಹಿಡಿದ್ರು.”

ನಲವತ್ತೈದು ವರ್ಷ ಯಾರೂ ನನಗಿದನ್ನು ಹೇಳಿರಲಿಲ್ಲ. ಮೂರಿಂಚು ನನ್ನ ಪ್ರಮಾಣದಲ್ಲಿ 0.9 ಮಿಲಿಮೀಟರ್. ಬ್ಲೇಡಿನ ಕೈ ತುಸು ಅಲುಗಿದರೆ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಹಾಗೆ ಬಂದದ್ದಾಗಬಾರದೆಂದು ಪೆನ್ಸಿಲಿನಲ್ಲಿ ಗೆರೆ ಹಾಕಿ, ಲೆಕ್ಕ ಹಿಡಿದು, ಓರೆಯಾಗಿಯೇ ಕತ್ತರಿಸಿದೆ.

ಎಂಟಡಿ ಹಲಗೆ ಮೆಟ್ಟಿಲಿನಲ್ಲಿ ಇಳಿಯಲಿಲ್ಲ, ಕೋಣೆಯೊಳಗೇ ಜೋಡಿಸಿದ್ದದ್ದು. ಗಾಂಧಿಬಜಾರಿನ ನಡುವೆ ಗರಗಸ ಹಾಕಿ ಎರಡು ತುಂಡು ಮಾಡಿ ಇಳಿಸಿದೆವು. ಅವು ಈಗ ಬಾಡಿಗೆ ಮನೆಯ ಮಂಚದ ಕೆಳಗಿವೆ. ನಮ್ಮ ಮನೆಯ ಮಾದರಿಯೊಂದು ಮಾತ್ರ ಷೋಕೇಸಿನಲ್ಲಿದೆ.

ಅಮ್ಮ ಕನ್ನಡಕ ಒರೆಸಿಕೊಂಡು ನೋಡಿದರು. ಗ್ರಿಲ್ಲಿನ ಸೂರ್ಯಕಿರಣ ಸರಿಯಿದೆ ಎಂದರು. ತುಳಸಿಕಟ್ಟೆ ಸರಿಯಿದೆ. ಆಮೇಲೆ, “ನುಗ್ಗೆಮರ ಎಲ್ಲಿ?” ಎಂದರು. ಅದು 1998ರ ಮಳೆಗೆ ಬಿದ್ದುಹೋಯಿತಲ್ಲಮ್ಮ ಎಂದೆ. “ಹಾಗಾದ್ರೆ ಇದು ಯಾವಾಗಿನ ಮನೆ?”

ಪೆಂಡನ್ನಿನವರು ಮೊದಲೇ ತೀರ್ಮಾನಿಸಿಕೊಂಡ ಪ್ರಶ್ನೆಯದು. ನನಗೆ ಹೊಳೆದಿರಲಿಲ್ಲ. ಯಾವ ವರ್ಷದ್ದು ಬೇಕು ಎಂದು ಅಮ್ಮನನ್ನೇ ಕೇಳಿದೆ. ಯೋಚಿಸಿ ಎಂಬತ್ತಾರು ಎಂದರು; ಯಾಕೆಂದು ಹೇಳಲಿಲ್ಲ. ಎಂಬತ್ತಾರಕ್ಕೆ ಸಿಂಟೆಕ್ಸ್ ತೊಟ್ಟಿ ಇರಲಿಲ್ಲ, ತೆಗೆದೆ. ನುಗ್ಗೆಮರಕ್ಕೆ ತಾಮ್ರದ ತಂತಿ ಹೊಸೆಯುತ್ತಿದ್ದೇನೆ. ಮಹಡಿಯ ಮೇಲಿನ ಕೋಣೆ ಕಟ್ಟಿದ್ದು 1994ರಲ್ಲಿ. ಅದನ್ನೂ ಮೊನ್ನೆ ಭಾನುವಾರ ಬ್ಲೇಡಿನಿಂದ ಬಿಡಿಸಿ ತೆಗೆದು, ಆ ಜಾಗದಲ್ಲಿ ಬಟ್ಟೆ ಒಣಗಿಸುವ ತಂತಿ ಕಟ್ಟಿದೆ.