ಗಾಲಿಕುರ್ಚಿಯಲ್ಲಿ ಮುರುಡೇಶ್ವರ ಪ್ರವಾಸ

ದಸರಾ ರಜೆಯಲ್ಲಿ ನಾವು ಮನೆಯವರೆಲ್ಲ ಮುರುಡೇಶ್ವರಕ್ಕೆ ಹೋಗಿ ಬಂದೆವು. ಎಲ್ಲರೂ ಹೋಗ್ತಾರಲ್ಲ, ಅದರಲ್ಲಿ ಏನು ವಿಶೇಷ ಎಂದು ನೀವು ಕೇಳಬಹುದು. ನಮ್ಮ ಜೊತೆ ಚಿಕ್ಕಪ್ಪನೂ ಬಂದಿದ್ದ. ಅದೇ ವಿಶೇಷ.

ನಮ್ಮ ಚಿಕ್ಕಪ್ಪ ಅಡಿಕೆ ಕೊನೆ ಕೊಯ್ಯುತ್ತಿದ್ದ. ಮೂರು ವರ್ಷದ ಹಿಂದೆ ಮರದಿಂದ ಬಿದ್ದ. ಬೆನ್ನುಮೂಳೆ ಮುರಿದು ಒಳಗಿನ ಬೆನ್ನುಹುರಿಗೆ ಪೆಟ್ಟಾಯಿತು. ಮಿದುಳಿನ ಸುದ್ದಿ ಕಾಲಿಗೆ ಹೋಗುವುದು, ಕಾಲಿನ ಸುದ್ದಿ ಮಿದುಳಿಗೆ ಬರುವುದು ಈ ಹುರಿಯಲ್ಲಿಯೇ. ಮೂಳೆ ಕೂಡಿತು, ಹುರಿ ಮಾತ್ರ ಮೊದಲಿನಂತೆ ಆಗಲಿಲ್ಲ. ಈಗ ಅವನಿಗೆ ಸೊಂಟದ ಕೆಳಗೆ ಚಿವುಟಿದರೂ ಗೊತ್ತಾಗಲ್ಲ. ಬಿದ್ದ ಮೇಲೆ ಆಸ್ಪತ್ರೆ ಬಿಟ್ಟರೆ ಅವನು ಎಲ್ಲಿಗೂ ಹೋಗಿರಲಿಲ್ಲ.

ಇಂಥವರು ಪ್ರವಾಸ ಹೋಗಲು ಬಹಳ ತಯಾರಿ ಬೇಕು. ಒಂದೇ ಸಮ ಕೂತರೆ ನೋವು ತಿಳಿಯದೆ ಹುಣ್ಣಾಗಿಬಿಡುತ್ತದೆ. ಅದಕ್ಕೆ ಮೆತ್ತನೆ ದಿಂಬು ಹಾಕಿ, ಆಗಾಗ ಕೈ ಊರಿ ಮೈ ಎತ್ತಬೇಕು. ಗಡಿಯಾರ ನೋಡಿ "ಚಿಕ್ಕಪ್ಪಾ, ಮೈ ಎತ್ತು" ಅನ್ನೋ ಕೆಲಸ ನನ್ನದು. ನಾಲ್ಕೈದು ತಾಸಿಗೊಮ್ಮೆ ಸಣ್ಣ ನಳಿಗೆ ಹಾಕಿ ಮೂತ್ರ ತೆಗೆಯಬೇಕು. ಇದನ್ನು ಬರೆಯಲು ನನಗೆ ನಾಚಿಕೆಯಾಯಿತು. ಚಿಕ್ಕಪ್ಪನೇ, "ಬರಿ ತಂಗೀ, ಅದನ್ನ ಬಿಟ್ರೆ ಅರ್ಧ ಕಷ್ಟನೇ ಬಿಟ್ಟ ಹಾಗೆ" ಎಂದ.

ಬಸ್ಸಿನ ಮೆಟ್ಟಿಲು ಎತ್ತರ. ಅದಕ್ಕೆ ಬಾಡಿಗೆ ಕಾರು ಮಾಡಿದೆವು. ಗೇರುಸೊಪ್ಪೆ ಘಟ್ಟದ ತಿರುವಿನಲ್ಲಿ ಅವನಿಗೆ ಕಾಲೂರಿ ಕೂರಲು ಬರುವುದಿಲ್ಲ. ಬೆಲ್ಟಿನ ಮೇಲೆ ಅಮ್ಮನ ಶಾಲನ್ನೂ ಕಟ್ಟಿದೆವು. ಹೊನ್ನಾವರದ ಹತ್ತಿರ ಒಂದು ಕಡೆ ಶೌಚಾಲಯದ ಬಾಗಿಲು ಕುರ್ಚಿಗಿಂತ ಸಣ್ಣದು! ಅಪ್ಪ ಅವನನ್ನು ಎತ್ತಿಕೊಂಡೇ ಒಳಗೆ ಹೋದರು.

ಸಮುದ್ರದ ದಂಡೆಯಲ್ಲಿ ಗಾಲಿ ಮರಳಿನಲ್ಲಿ ಹೂತುಹೋಯಿತು. ಚೆನ್ನೈನ ಮರೀನಾ ದಂಡೆಯಲ್ಲಿ 2022ರಲ್ಲಿ ಗಾಲಿಕುರ್ಚಿಗಾಗಿಯೇ 263 ಮೀಟರ್ ಉದ್ದದ ಮರದ ದಾರಿ ಮಾಡಿದ್ದಾರೆಂದು ನಮ್ಮ ಸರ್ ಆಮೇಲೆ ಹೇಳಿದರು. ನಮಗೆ ಅಂಥ ದಾರಿ ಇರಲಿಲ್ಲ. ಚಿಕ್ಕಪ್ಪ ದೂರದಿಂದಲೇ ಅಲೆ ನೋಡಿದ. ನಾನು ಒಂದು ಕೊಡಪಾನದಲ್ಲಿ ಸಮುದ್ರದ ನೀರು ತಂದು ಅವನ ಕೈಮೇಲೆ ಹೊಯ್ದೆ.

ಅಲ್ಲಿಯ ರಾಜಗೋಪುರಕ್ಕೆ 20 ಅಂತಸ್ತು, ಎತ್ತರ 237 ಅಡಿ. ಒಳಗೆ ಲಿಫ್ಟ್ ಇದೆ. ಮೆಟ್ಟಿಲು ಬಂದಲ್ಲೆಲ್ಲ ಅಪ್ಪ ಮತ್ತು ಮಾವ ಕುರ್ಚಿ ಸಮೇತ ಎತ್ತಿದರು. ಲಿಫ್ಟಿನಲ್ಲಿ ಮಾತ್ರ ಯಾರೂ ಎತ್ತಬೇಕಾಗಲಿಲ್ಲ. ಮೇಲಿನಿಂದ 123 ಅಡಿಯ ಶಿವನ ಮೂರ್ತಿಯೂ ಕಡಲೂ ಕಂಡವು. ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾ ಹತ್ತಿದ ಯಾವ ಮರನೂ ಇಷ್ಟು ಎತ್ತರ ಇರ್ಲಿಲ್ಲ" ಎಂದು ನಕ್ಕ. ಅಪ್ಪ ಆಚೆ ತಿರುಗಿ ಕಣ್ಣು ಒರೆಸಿಕೊಂಡರು.

ಅಂಗವಿಕಲರೂ ಸಾರ್ವಜನಿಕ ಕಟ್ಟಡಗಳಿಗೆ ಹೋಗಿಬರುವಂತೆ ಇರಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಗಾಲಿಕುರ್ಚಿಯ ಇಳಿಜಾರಿಗೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಾವು ಉಳಿದ ವಸತಿಗೃಹದ ಮುಂದೆ ಅರ್ಧರ್ಧ ಅಡಿಯ ಮೂರು ಮೆಟ್ಟಿಲು ಇದ್ದವು. ನಾವು ಕಲಿತ ಅನುಪಾತದ ಲೆಕ್ಕ ಮಾಡಿದರೆ 18 ಅಡಿ ಇಳಿಜಾರು ಸಾಕು. ಅಂಗಳದಲ್ಲಿ ಅಷ್ಟು ಜಾಗ ಇತ್ತು.

ಗೆಳೆಯರೇ, ನೀವು ಎಲ್ಲಿಗಾದರೂ ಹೋದರೆ ಅಲ್ಲಿ ಮೆಟ್ಟಿಲು ಎಷ್ಟು, ಶೌಚಾಲಯದ ಬಾಗಿಲು ಎಷ್ಟು ಅಗಲ ಎಂದು ನೋಡಿಕೊಂಡು ಬಂದು ನನಗೆ ಹೇಳಿ. ಚಿಕ್ಕಪ್ಪ ಒಂದು ಪಟ್ಟಿಯಲ್ಲಿ ಬರೆದಿಡುತ್ತಿದ್ದಾನೆ. ಮುಂದಿನ ರಜೆಗೆ ಯಾವ ಊರು ಅಂತ ಅವನೇ ಆರಿಸ್ತಾನಂತೆ.

— 7ನೇ ತರಗತಿ ವಿದ್ಯಾರ್ಥಿನಿ