ಶೆಟಿವಿತಾಯಿಯ ನೋಟ್‌ಬುಕ್

ಹೆರಿಗೆಗೆಂದು ಬೇವೂರಿನ ತವರುಮನೆಗೆ ಬಂದಾಗ ನನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು, ಹನ್ನೆರಡು ಪುಸ್ತಕಗಳಿದ್ದವು. ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳಿಗೆ ಇಡೀ ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ರಜೆ ಕೊಡಬಹುದೆಂದು ಯುಜಿಸಿಯ ನಿಯಮ ಹೇಳುತ್ತದೆ. ಹಸುಗೂಸು ದಿನಕ್ಕೆ ಹದಿನಾರು ತಾಸು ಮಲಗುತ್ತದೆಂದು ಓದಿದ್ದೆ. ಅಷ್ಟು ಹೊತ್ತು ಸಿಕ್ಕರೆ ಮೂರನೇ ಅಧ್ಯಾಯ ಮುಗಿದಂತೆಯೇ ಎಂದು ಲೆಕ್ಕ ಹಾಕಿದ್ದೆ. ಆ ಹದಿನಾರು ತಾಸು ಒಂದೊಂದು, ಎರಡೆರಡು ತಾಸಿನ ತುಣುಕುಗಳಾಗಿ ಬರುತ್ತದೆಂಬುದು ಮಾತ್ರ ಲೆಕ್ಕದಲ್ಲಿರಲಿಲ್ಲ.

ಮಗಳು ಹುಟ್ಟಿದ್ದು ಏಪ್ರಿಲ್‌ನಲ್ಲಿ. ಮೂರನೇ ದಿನ ದವಾಖಾನೆಯಿಂದ ಮನೆಗೆ ಬಂದಾಗ ಹೊರಗೆ ಕೆಂಡದಂಥ ಬಿಸಿಲು. ಆದರೂ ಬಾಣಂತಿ ಕೋಣೆಯ ಕಿಟಕಿ ಮುಚ್ಚಿತ್ತು. ನನ್ನ ಕಿವಿಗೆ ಸ್ಕಾರ್ಫು, ಕೂಸಿನ ತಲೆಗೆ ಕುಂಚಿಗೆ. ಅಜ್ಜಿ ತನ್ನ ಹಳೆಯ ಇಳಕಲ್ ಸೀರೆ ಹರಿದು ಕೂಸಿಗೆ ಸುತ್ತುವ ಬಟ್ಟೆ ಮಾಡಿದ್ದಳು. ವರ್ಷಗಟ್ಟಲೆ ಒಗೆದು ಮೆತ್ತಗಾದ ಅಂಥ ಅರಿವೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮುಂಜಾನೆ ಅಳ್ವಿ ಪಾಯಸ, ಮಧ್ಯಾಹ್ನ ರೊಟ್ಟಿ ಜೊತೆ ಸಬ್ಬಸಗಿ ಪಲ್ಯ, ಸಂಜೆ ಅಂಟಿನುಂಡಿ. ನನ್ನನ್ನು ನೋಡಿಕೊಳ್ಳುವುದರಲ್ಲಿ ಯಾರೂ ಕಡಿಮೆ ಮಾಡಲಿಲ್ಲ.

ಆದರೂ ಒಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೊದಲ ವಾರ ನನಗೆ ಮಗಳ ಮೇಲೆ ಪ್ರೀತಿ ಉಕ್ಕಲಿಲ್ಲ. ಇದ್ದದ್ದು ಬರೀ ಹೆದರಿಕೆ. ನಿದ್ದೆಯಲ್ಲಿ ಬೆಚ್ಚಿ ಅವಳು ಎರಡೂ ಕೈ ಚೆಲ್ಲಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಎಳೆಗೂಸುಗಳೆಲ್ಲ ಹಾಗೆ ಬೆಚ್ಚುತ್ತವೆಂದು ಓದಿದ್ದರೂ ರಾತ್ರಿ ಮೂರು ಗಂಟೆಗೆ ಓದಿದ್ದು ನೆನಪಾಗುವುದಿಲ್ಲ. ಹಾಲು ಸಾಲುತ್ತಿಲ್ಲವೆಂದು ಅಳುತ್ತಿದ್ದೆ. 'ಬಾಣಂತಿ ಅಳಬಾರ್ದವ್ವಾ, ಕಣ್ಣು ಹೋಗ್ತಾವ' ಎಂದು ಅಜ್ಜಿ ಗದರುತ್ತಿದ್ದಳು.

ಐದನೇ ದಿನ ಶೆಟಿವಿತಾಯಿಯ ಪೂಜೆ. ಆ ರಾತ್ರಿ ಅವಳು ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂಬುದು ನಮ್ಮ ಕಡೆಯ ನಂಬಿಕೆ. ಕೂಸಿನ ಹತ್ತಿರ ಇಡಲು ಅವ್ವ ಹಾಳಿ, ಪೆನ್ನು ಕೇಳಿದಳು. ಸಂಶೋಧನೆಯ ಟಿಪ್ಪಣಿಗೆಂದು ತಂದಿದ್ದ ಹೊಸ ನೋಟ್‌ಬುಕ್ಕನ್ನೇ ಕೊಟ್ಟೆ.

ಆಶಾ ಕಾರ್ಯಕರ್ತೆಯರು ಬಾಣಂತಿ ಮನೆಗೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಏಳನೇ ದಿನ ಬಂದ ನಮ್ಮೂರಿನ ಆಶಾ ಅಕ್ಕ ಜೋಳಿಗೆಯಂಥ ತಕ್ಕಡಿಯಲ್ಲಿ ಕೂಸನ್ನು ತೂಗಿದಳು. ಹುಟ್ಟಿದಾಗ 2 ಕೆ.ಜಿ. 800 ಗ್ರಾಂ ಇದ್ದವಳು 2 ಕೆ.ಜಿ. 600 ಗ್ರಾಂ ಆಗಿದ್ದಳು. ನನ್ನ ಬಾಯಿ ಒಣಗಿತು.

'ಈ ಬಿಸಲಾಗ ಕೂಸಿಗೆ ನೀರಡಿಸಂಗಿಲ್ಲೇನು? ಎರಡ ಚಮಚೆ ಸಕ್ರಿ ನೀರು ಹಾಕ್ತೀನಿ' ಎಂದಳು ಅಜ್ಜಿ.

'ಬ್ಯಾಡ್ರಿ ಆಯಿ, ಹಾಲಾಗ ನೀರು ಐತಿ. ಆರು ತಿಂಗಳ ಹನಿ ನೀರೂ ಬೇಕಾಗಿಲ್ಲ.'

ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ. ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಮರಳಿ ಬರಬೇಕು ಎಂದು ಅಕ್ಕ ಬಿಡಿಸಿ ಹೇಳಿದಳು. ದಿನಕ್ಕೆ ಆರು ಬಾರಿಯಾದರೂ ಅರಿವೆ ತೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಹೊಕ್ಕುಳಿಗೆ ಎಣ್ಣೆ, ಅರಿಷಿಣ ಏನೂ ಹಚ್ಚಬಾರದು. ಅಂಗೈ ಅಂಗಾಲು ಹಳದಿಯಾದರೆ, ಹಾಲು ಕುಡಿಯುವುದು ಬಿಟ್ಟರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು.

ಆಮೇಲೆ ನನ್ನ ಕಡೆ ತಿರುಗಿ, 'ನೀ ಮಕ್ಕೊಂಡಿಯೇನ ತಂಗಿ?' ಎಂದಳು.

ಬಂದವರೆಲ್ಲ ಕೂಸಿನ ಬಣ್ಣ ಕೇಳಿದ್ದರು, ಮೂಗು ಯಾರದೆಂದು ಕೇಳಿದ್ದರು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಳುತ್ತಲೇ ಎಲ್ಲ ಹೇಳಿಬಿಟ್ಟೆ. 'ಭಾಳ ಮಂದಿಗೆ ಹಿಂಗ ಆಗ್ತೈತಿ. ಎರಡು ವಾರದಾಗ ಕಡಿಮಿ ಆಗ್ತೈತಿ. ಆಗ್ಲಿಲ್ಲಂದ್ರ ನನಗ ಹೇಳು, ಡಾಕ್ಟರ್ ಹತ್ರ ಹೋಗೋಣು' ಎಂದಳು. ಬಾಗಿಲ ಬಳಿ ಕುಳಿತಿದ್ದ ಅಜ್ಜಿ ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ.

ಆ ರಾತ್ರಿ ಹಾಲು ಕುಡಿಸಿದ ಮೇಲೆ ಅಜ್ಜಿ ಕೂಸನ್ನು ಎತ್ತಿಕೊಂಡು ಗೋಡೆಗೆ ಒರಗಿದಳು. ಕತ್ತಲಲ್ಲಿ ಮೆಲ್ಲಗೆ ಹೇಳಿದಳು: 'ನಿಮ್ಮಪ್ಪ ಹುಟ್ಟಿದಾಗ ನಾನೂ ದನದ ಮನ್ಯಾಗ ನಿಂತು ಅತ್ತೀನಿ. ಯಾರಿಗೂ ಹೇಳಿದ್ದಿಲ್ಲ. ನೀ ಮಕ್ಕೋ.'

ನಾನು ನಾಲ್ಕು ತಾಸು ಮಲಗಿದೆ.

ಹದಿನಾಲ್ಕನೇ ದಿನ ತಕ್ಕಡಿ 2 ಕೆ.ಜಿ. 850 ಗ್ರಾಂ ತೋರಿಸಿತು. ಪ್ರೀತಿ ಯಾವ ದಿನ ಬಂತೆಂದು ಹೇಳಲಾರೆ. ಆರನೇ ವಾರದಲ್ಲಿ ಮಗಳು ನನ್ನ ಮುಖ ನೋಡಿ ಮೊದಲ ಸಲ ನಕ್ಕಾಗ ಅದು ಆಗಲೇ ಅಲ್ಲಿತ್ತು.

ಮೂರನೇ ಅಧ್ಯಾಯ ಹಾಗೇ ಇದೆ. ಶೆಟಿವಿತಾಯಿಗೆಂದು ಇಟ್ಟ ನೋಟ್‌ಬುಕ್ಕಿನ ಮೊದಲ ಪುಟವನ್ನು ಖಾಲಿ ಬಿಟ್ಟಿದ್ದೇನೆ. ಎರಡನೇ ಪುಟದಿಂದ ನನ್ನ ಬರಹವಿದೆ: 2.10 ಹಾಲು, 3.40 ಅರಿವೆ ಬದಲು, 4.15 ಹಾಲು, ಅಜ್ಜಿ ಎತ್ತಿಕೊಂಡಳು.